ನರ್ಸರಿಯವರನ್ನು ಕೇಳಿ: ಪುದೀನಾ, ಕೊತ್ತಂಬರಿ, ಕರಿಬೇವು

ಈ ವಾರ ಉತ್ತರ ಕೊಡುತ್ತಿರುವವರು ನಮ್ಮ ಗುಂಪಿನವರೇ. ತೋಟಗಾರಿಕೆ ಓದಿದವರು, 14 ವರ್ಷದಿಂದ ಧಾರವಾಡದಲ್ಲಿ ನರ್ಸರಿ ನಡೆಸುತ್ತಿದ್ದಾರೆ.

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ): ನಮಸ್ಕಾರ ಸರ್. ಬಾಡಿಗೆ ಮನೆ, ಟೆರೇಸ್ ಬಳಸಲು ಓನರ್ ಒಪ್ಪಿದ್ದಾರೆ. ಮಳೆ ಶುರುವಾಗುವ ಮೊದಲು ಹುರುಪಿನಲ್ಲಿ ಒಂಬತ್ತು ಸಸಿ ತಂದೆ. ತುಳಸಿ, ಪುದೀನಾ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ರೋಸ್‌ಮೆರಿ, ಇನ್ನೂ ಏನೇನೋ. ತವರಿನ ಹೊಲದಿಂದ ಎರೆ (ಕಪ್ಪು) ಮಣ್ಣು ತರಿಸಿ ಕುಂಡ ತುಂಬಿಸಿದೆ. ನಮ್ಮ ಓಣಿಗೆ ನಳ ಬರುವುದು ಆರು ದಿನಕ್ಕೊಮ್ಮೆ, ಹಾಗಾಗಿ ನೀರು ಬಂದ ದಿನ ಕುಂಡ ತುಳುಕುವಷ್ಟು ಹಾಕುತ್ತಿದ್ದೆ. ಈಗ ಉಳಿದಿರುವುದು ತುಳಸಿ ಒಂದೇ. ನನ್ನ ಕೈಗುಣ ಸರಿಯಿಲ್ಲ ಅಂತ ಅತ್ತೆ ಹೇಳುತ್ತಾರೆ. ಮತ್ತೆ ಶುರು ಮಾಡಿದರೆ ಏನು ಹಾಕಲಿ?

ಉತ್ತರ: ಕೈಗುಣದ ಮಾತು ಬಿಡಿ ಮೇಡಂ. ತವರಿನ ಮಣ್ಣನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ಆದರೆ ತಪ್ಪು ಅಲ್ಲೇ ಆಗಿದೆ. ಎರೆ ಮಣ್ಣಲ್ಲಿ ಹತ್ತಿ, ಕಡಲೆ, ಬಿಳಿಜೋಳ ಚೆನ್ನಾಗಿ ಬರುತ್ತವೆ, ಅದು ಹೊಲದ ಮಾತು. ಹತ್ತು ಇಂಚಿನ ಕುಂಡದಲ್ಲಿ ಅದೇ ಮಣ್ಣು ನೀರು ಕುಡಿದು ಅಂಟಾಗಿ ಬೇರಿಗೆ ಗಾಳಿಯೇ ಸಿಗದಂತೆ ಮಾಡುತ್ತದೆ, ಒಣಗಿದಾಗ ಬಿರುಕು ಬಿಟ್ಟು ಎಳೆ ಬೇರುಗಳನ್ನು ಹರಿದು ಹಾಕುತ್ತದೆ. ನಿಮ್ಮ ಗಿಡಗಳಿಗೆ ವಾರದಲ್ಲಿ ಮೂರು ದಿನ ಕೆಸರು, ಮೂರು ದಿನ ಬಿರುಕು. ತುಳಸಿ ಬದುಕಿದ್ದೇ ಆಶ್ಚರ್ಯ.

ಈ ಸಲ ಕುಂಡಕ್ಕೆ ಮಸಾರಿ (ಕೆಂಪು) ಮಣ್ಣು ಎರಡು ಪಾಲು, ಹಳೆಯ ತಿಪ್ಪೆ ಗೊಬ್ಬರ ಒಂದು ಪಾಲು, ಮರಳು ಅಥವಾ ಕೋಕೋಪೀಟ್ ಒಂದು ಪಾಲು. ಅಳ್ನಾವರ ಕಡೆ ಹೋಗಿಬರುವವರು ಯಾರಾದರೂ ಇದ್ದರೆ ಎರಡು ಚೀಲ ಕೆಂಪು ಮಣ್ಣು ತರಿಸಿಕೊಳ್ಳಿ. ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗಬೇಕು, ಸೆಗಣಿ ವಾಸನೆ ಇರಬಾರದು. ಹಸಿ ಸೆಗಣಿ ಹಾಕಿದರೆ ಬೇರು ಸುಡುತ್ತದೆ. ಕುಂಡದ ತಳದ ತೂತು ಮುಚ್ಚಿಲ್ಲ ತಾನೆ? ಎಷ್ಟೋ ಪ್ಲಾಸ್ಟಿಕ್ ಕುಂಡಗಳಲ್ಲಿ ತೂತು ಕೊರೆದೇ ಇರುವುದಿಲ್ಲ, ಗುರುತು ಮಾತ್ರ ಇರುತ್ತದೆ, ನಾವೇ ಚುಚ್ಚಬೇಕು.

ನೀರು ಬಂದ ದಿನ ಎಲ್ಲವನ್ನೂ ಗಿಡಕ್ಕೆ ಸುರಿಯಬೇಡಿ, ಒಂದು ಡ್ರಮ್ಮಿನಲ್ಲಿ ತುಂಬಿ ಮುಚ್ಚಿಡಿ. ಅಕ್ಕಿ, ಬೇಳೆ ತೊಳೆದ ನೀರೂ ನಡೆಯುತ್ತದೆ, ಉಪ್ಪು ಮತ್ತು ಸೋಪು ಬಿದ್ದಿರಬಾರದು ಅಷ್ಟೇ. ಬೆರಳನ್ನು ಮಣ್ಣಿಗೆ ಒಂದು ಗೆಣ್ಣಿನಷ್ಟು ಇಳಿಸಿ. ತಂಪು ತಾಗಿದರೆ ಅವತ್ತು ನೀರು ಬೇಡ.

ಇನ್ನು ಗಿಡ. ಒಂಬತ್ತು ಬೇಡ, ಸದ್ಯ ಎರಡು ಸಾಕು. ನಿಮ್ಮ ಅಡುಗೆಮನೆಗೆ ವಾರಕ್ಕೆ ಎರಡು ಸಲವಾದರೂ ಬೇಕಾಗುವುದನ್ನೇ ಹಾಕಿ. ರೋಸ್‌ಮೆರಿಗೆ ಒಣ ಹವೆ, ನೀರು ನಿಲ್ಲದ ಮಣ್ಣು ಬೇಕು. ನಮ್ಮ ಜಿಟಿಜಿಟಿ ಮಳೆಯಲ್ಲಿ ಅದನ್ನು ಉಳಿಸುವುದು ಹೊಸಬರಿಗೆ ಕಷ್ಟ. ಅದಿರಲಿ, ಅದನ್ನು ಯಾವ ಪಲ್ಯಕ್ಕೆ ಹಾಕುವವರಿದ್ದಿರಿ?

ಮೊದಲನೆಯದು ಪುದೀನಾ. ಸಸಿ ಕೊಳ್ಳಲೇಬೇಡಿ. ಜನತಾ ಬಜಾರಿಗೆ ಹೋದಾಗ ಒಂದು ಕಟ್ಟು ತನ್ನಿ, ಎಲೆ ಚಟ್ನಿಗೆ ಆಯಿತು, ಅದರಲ್ಲೇ ದಪ್ಪ ಇರುವ ಐದಾರು ಕಡ್ಡಿ ತೆಗೆದಿಡಿ. ತುದಿಯಲ್ಲಿ ನಾಲ್ಕು ಎಲೆ ಬಿಟ್ಟು ಉಳಿದದ್ದು ಕಿತ್ತು, ಕೆಳಗಿನ ಎರಡು ಗೆಣ್ಣು ಮುಳುಗುವಂತೆ ನೀರಿನ ಲೋಟದಲ್ಲಿ ಇಡಿ. ದಿನ ಬಿಟ್ಟು ದಿನ ನೀರು ಬದಲಿಸಿ. ವಾರ, ಹತ್ತು ದಿನದಲ್ಲಿ ಗೆಣ್ಣಿನ ಹತ್ತಿರ ದಾರದಂಥ ಬಿಳಿ ಬೇರು ಕಾಣುತ್ತದೆ. ಪುದೀನಾಗೆ ಆಳಕ್ಕಿಂತ ಅಗಲ ಇರುವ ಕುಂಡ ಕೊಡಿ, ಒಂಟಿಯಾಗಿಯೇ ಬಿಡಿ. ಅದು ಬಳ್ಳಿಯಂತೆ ಹರಿದು ಪಕ್ಕದ ಗಿಡದ ಜಾಗವನ್ನೆಲ್ಲ ನುಂಗುತ್ತದೆ.

ಎರಡನೆಯದು ದೊಡ್ಡಪತ್ರೆ. ಓಣಿಯಲ್ಲಿ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ, ಒಂದು ಟೊಂಗೆ ಕೇಳಿ ತಂದು ಊರಿ. ನೀರು ಕಡಿಮೆಯಾದರೆ ತಡೆಯುತ್ತದೆ, ಜಾಸ್ತಿಯಾದರೆ ಬುಡ ಕೊಳೆಯುತ್ತದೆ. ನಿಮ್ಮ ನಳದ ಕಥೆಗೆ ಇದಕ್ಕಿಂತ ಹೊಂದುವ ಗಿಡ ಇಲ್ಲ.

ಪ್ರಶ್ನೆ (ಗದಗ): ಕಿರಾಣಿ ಅಂಗಡಿಯ ಹವೀಜ (ಕೊತ್ತಂಬರಿ ಕಾಳು) ಎರಡು ಸಲ ಬಿತ್ತಿದೆ. ಮೊದಲ ಸಲ ಒಂದೂ ಹುಟ್ಟಲಿಲ್ಲ. ಎರಡನೇ ಸಲ ಮಾರ್ಚ್‌ನಲ್ಲಿ ಹುಟ್ಟಿದವು, ಗೇಣುದ್ದ ಆಗುವ ಮೊದಲೇ ಹೂ ಬಿಟ್ಟವು. ಗಿರ್ಮಿಟ್ ಮೇಲೆ ಉದುರಿಸುವಷ್ಟೂ ಸಿಗಲಿಲ್ಲ!

ಉತ್ತರ: ಕಾಳು ಒಡೆದಿದ್ದಿರಾ? ಹವೀಜದ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಬಟ್ಟೆಯ ಮೇಲೆ ಹರಡಿ ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ, ಕಾಳು ಎರಡು ಹೋಳಾದರೆ ಸಾಕು, ಪುಡಿಯಾಗಬಾರದು. ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ. ಮೇಲೆ ಅರ್ಧ ಇಂಚು ಮಣ್ಣು ಸಾಕು. ಹುಟ್ಟಲು ಎಂಟರಿಂದ ಹದಿನೈದು ದಿನ, ಅಷ್ಟರಲ್ಲಿ ಕೆದಕಿ ನೋಡುವ ಚಟ ಬೇಡ. ಅಂಗಡಿಯ ಕಾಳು ಹಳೆಯದಾಗಿದ್ದರೆ ಹುಟ್ಟುವುದಿಲ್ಲ, ಯಾರಾದರೂ ರೈತರ ಹತ್ತಿರ ಹೋದ ವರ್ಷದ ಜವಾರಿ ಕಾಳು ಸಿಕ್ಕರೆ ಒಳ್ಳೆಯದು.

ಮಾರ್ಚ್‌ನಲ್ಲಿ ಬಿತ್ತಿದ್ದೇ ಹೂವಿಗೆ ಕಾರಣ. ಬಿಸಿಲು ಏರಿದರೆ ಕೊತ್ತಂಬರಿ ಎಲೆ ಬಿಡುವುದು ನಿಲ್ಲಿಸಿ ಬೀಜ ಕಟ್ಟುವ ಅವಸರಕ್ಕೆ ಬೀಳುತ್ತದೆ, ಮತ್ತೆ ಗದಗಿನ ಬಿಸಿಲು ನಿಮಗೆ ನಾನು ಹೇಳಬೇಕಾ. ದಸರಾ ಮುಗಿದ ಮೇಲೆ ಬಿತ್ತಿ. ಹದಿನೈದು ದಿನಕ್ಕೊಮ್ಮೆ ಒಂದೊಂದು ಕುಂಡ ಬಿತ್ತುತ್ತಾ ಹೋದರೆ ಸಂಕ್ರಾಂತಿ ದಾಟುವವರೆಗೂ ಸೊಪ್ಪು ಇರುತ್ತದೆ. ಬೇಸಿಗೆಯಲ್ಲಿ ಬೇಕೇ ಬೇಕು ಅಂದರೆ 50 ಪರ್ಸೆಂಟ್ ನೆರಳು ಬಲೆ ಕಟ್ಟಿ, ಆದರೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಅದಕ್ಕೆ ಇನ್ನೊಬ್ಬರು (ಧಾರವಾಡ): ಸಸಿಯನ್ನೇ ತಂದು ನೆಟ್ಟರೆ ಬೇಗ ಅಲ್ವಾ?

ಉತ್ತರ: ಬೇಡ. ಅದರ ತಾಯಿಬೇರು ನೇರ ಕೆಳಗೆ ಇಳಿಯುತ್ತದೆ. ಕಿತ್ತು ನೆಟ್ಟರೆ ಸೊರಗುತ್ತದೆ, ಇಲ್ಲವೇ ಬೇಗ ಹೂ ಬಿಡುತ್ತದೆ. ನಾನು ನರ್ಸರಿಯಲ್ಲಿ ಕೊತ್ತಂಬರಿ ಸಸಿ ಮಾರುವುದಿಲ್ಲ.

ಪ್ರಶ್ನೆ (ಹಾವೇರಿ): ಹಿತ್ತಲ ಕರಿಬೇವು, ಎರಡು ವರ್ಷದ್ದು. ಹೊಸ ಎಲೆ ಹಳದಿ. ಅದರ ಮೇಲೆ ಹಕ್ಕಿ ಹಿಕ್ಕೆ ಬೇರೆ, ತೊಳೆದರೂ ಮರುದಿನ ಮತ್ತೆ. ಎಲೆಗಳು ಅಂಚಿನಿಂದ ಖಾಲಿಯಾಗುತ್ತಿವೆ.

ಉತ್ತರ: ಆ ಹಿಕ್ಕೆಯನ್ನು ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕೇಸರಿ ಬಣ್ಣದ ಕವಲು ಕೊಂಬು ಹೊರಗೆ ಬಂದು ಘಾಟು ವಾಸನೆ ಹೊಡೆದರೆ ಅದು ನಿಂಬೆ ಚಿಟ್ಟೆಯ ಹುಳು. ಸಣ್ಣದಿದ್ದಾಗ ಹಕ್ಕಿಗಳು ತಿನ್ನಬಾರದು ಅಂತ ಹಿಕ್ಕೆಯ ವೇಷ, ದೊಡ್ಡದಾದ ಮೇಲೆ ಎಲೆಯಂತೆ ಹಸಿರು. ಸುಮ್ನೆ ಕೈಯಿಂದ ಆರಿಸಿ ತೆಗೆಯಿರಿ. ದಿನಾ ಒಗ್ಗರಣೆಗೆ ಹಾಕುವ ಎಲೆಗೆ ವಿಷ ಹೊಡೆಯಬೇಡಿ.

ಹಳದಿಗೆ ಬೇರೆ ಕಾರಣ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣದ ಕೊರತೆ. ಎರೆ ಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ, ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಅಡುಗೆಗೆ ಬೇಕಾದ ಎಲೆ ಮೊದಲೇ ಕಿತ್ತಿಟ್ಟುಕೊಳ್ಳಿ. ತುದಿಯನ್ನೂ ಚಿವುಟಿ. ಎಲ್ಲರೂ ಬಿಡಿ ಎಲೆ ಕೀಳುತ್ತಾರೆ, ಗಿಡ ಕೋಲಿನಂತೆ ಮೇಲಕ್ಕೆ ಹೋಗುತ್ತದೆ. ತುದಿ ಮುರಿದರೆ ಪಕ್ಕದಿಂದ ಕವಲು ಒಡೆಯುತ್ತದೆ.

ಮತ್ತೆ ವಿದ್ಯಾನಗರದವರು, ಒಂಬತ್ತು ದಿನದ ನಂತರ: ಸರ್, ಆರರಲ್ಲಿ ನಾಲ್ಕು ಪುದೀನಾ ಕಡ್ಡಿಗೆ ಬಿಳಿ ಬೇರು ಬಂದಿದೆ! ಎರಡು ಕಪ್ಪಾದವು. ಲೋಟದಲ್ಲೇ ಇನ್ನೂ ಸ್ವಲ್ಪ ದಿನ ಬಿಡಲಾ?

ಉತ್ತರ: ಬೇಡ, ಬೇರು ಒಂದು ಇಂಚು ಇದ್ದರೆ ಇವತ್ತೇ ಸಂಜೆ ನೆಡಿ. ಕಪ್ಪಾದವನ್ನು ಎಸೆದುಬಿಡಿ. ಮೂರು ದಿನ ನೆರಳಲ್ಲಿಟ್ಟು ಆಮೇಲೆ ಬೆಳಗಿನ ಬಿಸಿಲು ತೋರಿಸಿ. ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ, ಮೊದಲು ಬೆರಳು ಇಳಿಸಿ ನೋಡಿ.

ವಿದ್ಯಾನಗರದವರು: ಆಯ್ತು ಸರ್. ಅತ್ತೆಯೇ ನೆಡುತ್ತಾರಂತೆ.