ಎಪಿಎಸ್‌ಎ ಶೈಲಿಯ ಆಕರಸೂಚಿ: ಇಬ್ಬರು ಲೇಖಕರ ಹೆಸರು ಮತ್ತು ಸಂಸ್ಥೆಗಳ ವರದಿ

ಪ್ರಶ್ನೆ (ಸಂಶೋಧನಾರ್ಥಿ):
ಮಾನ್ಯರೇ, ರಾಜ್ಯಶಾಸ್ತ್ರದ ನನ್ನ ಪ್ರಬಂಧಕ್ಕೆ ಅಮೆರಿಕನ್ ಪೊಲಿಟಿಕಲ್ ಸೈನ್ಸ್ ಅಸೋಸಿಯೇಷನ್ನಿನ ಶೈಲಿಯನ್ನು, ಅಂದರೆ ಎಪಿಎಸ್‌ಎ ಶೈಲಿಯನ್ನು, ಅನುಸರಿಸಬೇಕೆಂದು ಮಾರ್ಗದರ್ಶಕರು ಸೂಚಿಸಿದ್ದಾರೆ. ಇದು ಶಿಕಾಗೋ ಶೈಲಿಯೇ, ಅಂದರೆ ಶಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿರುವ ಕೈಪಿಡಿಯ ಶೈಲಿಯೇ, ಎಂದು ಕೆಲವರು ಹೇಳುತ್ತಾರೆ. ಆದರೆ ಶಿಕಾಗೋ ಶೈಲಿಯ ಪುಸ್ತಕಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಅಡಿಟಿಪ್ಪಣಿಗಳನ್ನು. ಲೇಖಕರು ಇಬ್ಬರಿದ್ದಾಗ ಹೆಸರುಗಳನ್ನು ಹೇಗೆ ಬರೆಯಬೇಕು, ಲೇಖಕರ ಹೆಸರೇ ಇಲ್ಲದ ವರದಿಯನ್ನು ಯಾವ ಅಕ್ಷರದ ಕೆಳಗೆ ಸೇರಿಸಬೇಕು ಎಂಬುದನ್ನು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1:
ಶಿಕಾಗೋ ಕೈಪಿಡಿಯಲ್ಲಿ ಎರಡು ಪದ್ಧತಿಗಳಿವೆ. ಒಂದು ಅಡಿಟಿಪ್ಪಣಿಯದು, ಇನ್ನೊಂದು ಆವರಣದೊಳಗೆ ಲೇಖಕರ ಹೆಸರನ್ನೂ ವರ್ಷವನ್ನೂ ಕೊಡುವಂಥದು. ಎಪಿಎಸ್‌ಎ ಆಧರಿಸಿರುವುದು ಎರಡನೆಯದನ್ನು. ಅದರ ಕೈಪಿಡಿ 2018ರಲ್ಲಿ ಪರಿಷ್ಕರಣೆಗೊಂಡಿದೆ. ಆದ್ದರಿಂದ ಆಕರವನ್ನು ಸೂಚಿಸಲು ಅಡಿಟಿಪ್ಪಣಿ ಬೇಕಿಲ್ಲ, ವಿವರಣೆಗಷ್ಟೇ ಅದನ್ನು ಉಳಿಸಿಕೊಳ್ಳಿ.

ಒಂದು ನಿಜವಾದ ಲೇಖನವನ್ನೇ ತೆಗೆದುಕೊಳ್ಳೋಣ. ಪಠ್ಯದಲ್ಲಿ (ಬಾಕ್ರಾಕ್ ಮತ್ತು ಬ್ಯಾರಟ್ಜ್ 1962, 948) ಎಂದಿರುತ್ತದೆ: ಹೆಸರಿಗೂ ವರ್ಷಕ್ಕೂ ನಡುವೆ ಅಲ್ಪವಿರಾಮವಿಲ್ಲ, ವರ್ಷಕ್ಕೂ ಪುಟಸಂಖ್ಯೆಗೂ ನಡುವೆ ಇದೆ. ಆಕರಸೂಚಿಯಲ್ಲಿ ಅದೇ ಲೇಖನ ಹೀಗೆ ಬರುತ್ತದೆ: ಬಾಕ್ರಾಕ್, ಪೀಟರ್, ಮತ್ತು ಮಾರ್ಟನ್ ಎಸ್. ಬ್ಯಾರಟ್ಜ್. 1962. “ಟೂ ಫೇಸಸ್ ಆಫ್ ಪವರ್.” *ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ* 56 (4): 947–52.

ಮೊದಲ ಲೇಖಕರ ಹೆಸರು ಮಾತ್ರ ಹಿಂದುಮುಂದಾಗಿರುವುದನ್ನು ಗಮನಿಸಿ. ಆಕರಸೂಚಿಯನ್ನು ಅಕಾರಾದಿಯಾಗಿ ಜೋಡಿಸುವುದು ಮೊದಲ ಲೇಖಕರ ಕುಲನಾಮದಿಂದ. ಎರಡನೆಯವರ ಹೆಸರನ್ನು ತಿರುಗಿಸಿ ಬರೆಯುವುದರಿಂದ ಯಾವ ಪ್ರಯೋಜನವೂ ಇಲ್ಲ. ಮಾವೋ ಜೆಡಾಂಗ್‌ ಅವರ ಹೆಸರಿನಂತೆ ಕುಲನಾಮವೇ ಮೊದಲು ಬರುವ ಹೆಸರುಗಳನ್ನು ತಿರುಗಿಸುವ ಅಗತ್ಯವೇ ಇಲ್ಲ, ನಡುವೆ ಅಲ್ಪವಿರಾಮವೂ ಬೇಡ. ಮೇಲಿನ ಉದಾಹರಣೆಯಲ್ಲಿ 56 ಎಂಬುದು ಸಂಪುಟ, ಆವರಣದಲ್ಲಿರುವುದು ಸಂಚಿಕೆ. ಲೇಖನದ ಶೀರ್ಷಿಕೆ ಉದ್ಧರಣ ಚಿಹ್ನೆಯೊಳಗೆ, ಪತ್ರಿಕೆಯ ಹೆಸರು ಇಟಾಲಿಕ್‌ನಲ್ಲಿ.

ಉತ್ತರ 2:
ವರದಿಯ ಪ್ರಶ್ನೆಗೆ ನನ್ನ ಉತ್ತರ: ವ್ಯಕ್ತಿಯ ಹೆಸರಿಲ್ಲದಿದ್ದರೆ ವರದಿಯನ್ನು ಹೊರಡಿಸಿದ ಸಂಸ್ಥೆಯೇ ಲೇಖಕ. 1990ರ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿದ್ದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಆದರೂ ಅದು ಸಿದ್ಧವಾದದ್ದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕಾಗಿ, ಅಂದರೆ ಯುಎನ್‌ಡಿಪಿಗಾಗಿ. ಹಾಗಾಗಿ ಲೇಖಕರ ಸ್ಥಾನ ಯುಎನ್‌ಡಿಪಿಗೆ, ಪ್ರಕಾಶಕರ ಸ್ಥಾನ ಆಕ್ಸ್‌ಫರ್ಡ್‌ಗೆ. ಪಠ್ಯದ ಆವರಣದಲ್ಲಿ ನೀವು ಬರೆದ ಮೊದಲ ಪದವನ್ನು ಹಿಡಿದು ಹೊರಟ ಓದುಗರಿಗೆ ಆಕರಸೂಚಿಯಲ್ಲಿ ಅದೇ ಪದ ಸಾಲಿನ ಆರಂಭದಲ್ಲಿ ಸಿಗಬೇಕು. ಆವರಣದಲ್ಲಿ ಯುಎನ್‌ಡಿಪಿ ಎಂಬ ಹ್ರಸ್ವರೂಪವನ್ನು ಕೊಟ್ಟು, ಸೂಚಿಯಲ್ಲಿ ಪೂರ್ಣ ಹೆಸರನ್ನು ಮಾತ್ರ ಕೊಟ್ಟರೆ ಆ ಕೊಂಡಿ ಕಳಚಿಹೋಗುತ್ತದೆ. ಅಲ್ಪವಿರಾಮಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಇದನ್ನು ಗಮನಿಸದೆ ಬಿಡುವುದೇ ಹೆಚ್ಚು.

ಆಕರಗಳನ್ನು ಸಂಗ್ರಹಿಸಿ ಸೂಚಿಯನ್ನು ತಯಾರಿಸಿಕೊಡುವ ಜೊಟೆರೊ ತಂತ್ರಾಂಶವನ್ನು ಬಳಸುವುದಾದರೆ ಒಂದು ಎಚ್ಚರಿಕೆ. ಅದರಲ್ಲಿ ಲೇಖಕರ ಹೆಸರಿಗೆ ಎರಡು ಖಾನೆಗಳಿರುತ್ತವೆ. ‘ಯುನೈಟೆಡ್ ನೇಷನ್ಸ್’ ಎಂಬುದನ್ನು ವ್ಯಕ್ತಿಯ ಹೆಸರಿನಂತೆ ಎರಡಾಗಿ ಒಡೆದು ತುಂಬಿದರೆ ಆಕರಸೂಚಿಯಲ್ಲಿ ‘ನೇಷನ್ಸ್, ಯುನೈಟೆಡ್’ ಎಂದು ಮೂಡುತ್ತದೆ! ಪಕ್ಕದ ಗುಂಡಿಯಿಂದ ಒಂದೇ ಖಾನೆಗೆ ಬದಲಾಯಿಸಿ, ಸಂಸ್ಥೆಯ ಹೆಸರನ್ನು ಇಡಿಯಾಗಿ ತುಂಬಿ.

ಸಂಶೋಧನಾರ್ಥಿ:
ಇಬ್ಬರಿಗೂ ಧನ್ಯವಾದಗಳು. ಒಬ್ಬರೇ ಲೇಖಕರು ಒಂದೇ ವರ್ಷದಲ್ಲಿ ಎರಡು ಲೇಖನಗಳನ್ನು ಬರೆದಿದ್ದರೆ ಏನು ಮಾಡಬೇಕು? ನಾಲ್ಕೈದು ಲೇಖಕರಿದ್ದರೆ ಎಲ್ಲರ ಹೆಸರನ್ನೂ ಆವರಣದಲ್ಲಿ ಕೊಡಬೇಕೇ?

ಉತ್ತರ 1:
ವರ್ಷದ ಅಂಕಿಯ ನಂತರ ಇಂಗ್ಲಿಷಿನ ಸಣ್ಣಕ್ಷರ ಎ, ಬಿ ಎಂದು ಸೇರಿಸಿ, ಪಠ್ಯದಲ್ಲೂ ಆಕರಸೂಚಿಯಲ್ಲೂ ಅದನ್ನೇ ಬಳಸಿ. ಸಮಾನ ವರ್ಷದ ಲೇಖನಗಳು ಶೀರ್ಷಿಕೆಯ ಅಕಾರಾದಿಯಲ್ಲಿ ಬರುವುದರಿಂದ, ಸೂಚಿ ಪೂರ್ಣಗೊಂಡ ಮೇಲೆಯೇ ಈ ಅಕ್ಷರಗಳನ್ನು ನಿಗದಿಪಡಿಸುವುದು ಒಳ್ಳೆಯದು. ನಡುವೆ ಹೊಸ ಲೇಖನವೊಂದು ಸೇರಿದರೆ ಪಠ್ಯದುದ್ದಕ್ಕೂ ಅಕ್ಷರಗಳನ್ನು ಬದಲಾಯಿಸಬೇಕಾಗುತ್ತದೆ. ಮೂವರವರೆಗೆ ಎಲ್ಲರ ಹೆಸರನ್ನೂ ಆವರಣದಲ್ಲಿ ಕೊಡಿ. ನಾಲ್ವರು ಅಥವಾ ಹೆಚ್ಚಿನವರಿದ್ದರೆ ಮೊದಲನೆಯವರ ಹೆಸರಿನ ಜೊತೆಗೆ ‘ಎಟ್ ಆಲ್.’ (ಮತ್ತು ಇತರರು) ಸಾಕು.