2000 ಲೂಮೆನ್ ಟಾರ್ಚೋ, 600 ಲೂಮೆನ್ ಟಾರ್ಚೋ?

ದಾರಿಹೋಕ
ಜೇಬಿನಲ್ಲಿ ಹಿಡಿಸುವಂಥ ಎಲ್‌ಇಡಿ ಟಾರ್ಚ್ ತೆಗೆದುಕೊಳ್ಳಬೇಕು. ಹುಡುಕಿ ಹುಡುಕಿ ಎರಡರ ಹತ್ತಿರ ಬಂದು ನಿಂತಿದ್ದೇನೆ. ಎರಡಕ್ಕೂ ಒಂದೇ 18650 ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ರೀಚಾರ್ಜ್ ಸೆಲ್), ಗಾತ್ರವೂ ಹೆಚ್ಚುಕಮ್ಮಿ ಒಂದೇ.

ಮೊದಲನೆಯದು: 2000 ಲೂಮೆನ್, 8100 ಕ್ಯಾಂಡೆಲಾ, 180 ಮೀಟರ್, ಟರ್ಬೊದಲ್ಲಿ (ಅತಿ ಪ್ರಖರ ಮೋಡ್) 3 ಗಂಟೆ.
ಎರಡನೆಯದು: 600 ಲೂಮೆನ್, 22,500 ಕ್ಯಾಂಡೆಲಾ, 300 ಮೀಟರ್, ಒಂದೂವರೆ ಗಂಟೆ.

ಲೂಮೆನ್ ಮೂರರಲ್ಲಿ ಒಂದು ಪಾಲೂ ಇಲ್ಲದ ಟಾರ್ಚಿನ ಬೆಳಕು ಅಷ್ಟು ದೂರ ಹೋಗುವುದು ಹೇಗೆ? ಬೀದಿದೀಪ ಇಲ್ಲದ ದಾರಿಯಲ್ಲಿ ರಾತ್ರಿ ನಡೆಯುವುದು ನನ್ನ ಮುಖ್ಯ ಬಳಕೆ. ಆಗಾಗ ದೂರದಲ್ಲಿ ಏನಿದೆ ಅಂತಲೂ ನೋಡಬೇಕಾಗುತ್ತದೆ.

ಲಕ್ಸ್‌ಲೆಕ್ಕ
ಲೂಮೆನ್ ಅಂದರೆ ಟಾರ್ಚಿನ ಬಾಯಿಂದ ಹೊರಬರುವ ಒಟ್ಟು ಬೆಳಕು. ಕ್ಯಾಂಡೆಲಾ ಅಂದರೆ ಆ ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ತೀವ್ರವಾಗಿದೆ ಅನ್ನುವ ಅಳತೆ. ನಿಮ್ಮ ಎರಡನೇ ಟಾರ್ಚ್ ಇರುವ ಸ್ವಲ್ಪ ಬೆಳಕನ್ನೇ ಕಿರಿದಾದ ಕಿರಣವಾಗಿ ಕಟ್ಟಿ ಕಳಿಸುತ್ತದೆ. ಮೊದಲನೆಯದು ಅಗಲಕ್ಕೆ ಚೆಲ್ಲುತ್ತದೆ.

ಮೀಟರ್ ಲೆಕ್ಕ ಬೇರೆಯಾಗಿ ಅಳೆದದ್ದಲ್ಲ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ, ಅದೇ ಉತ್ತರ ಸಿಗುತ್ತದೆ. 8100ರ ವರ್ಗಮೂಲ 90, ಅದರ ಎರಡರಷ್ಟು 180. 22,500ಕ್ಕೆ 150, ಅಂದರೆ 300. 2009ರಲ್ಲಿ ಬಂದ ಅನ್ಸಿ ಎಫ್‌ಎಲ್ 1 ಎಂಬ ಅಮೆರಿಕದ ಟಾರ್ಚ್ ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸ್‌ಗೆ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇಳಿಯುವ ಜಾಗವೇ ಕಿರಣದ ದೂರ. ಅದು ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು. ಅಷ್ಟರಲ್ಲಿ ದೂರದ ವಸ್ತು ಏನೆಂದು ಗುರುತು ಹತ್ತುವುದಿಲ್ಲ.

ಹಾಗಾಗಿ 100 ಮೀಟರ್‌ನಲ್ಲಿ ಎಷ್ಟು ಲಕ್ಸ್ ಬೀಳುತ್ತದೆ ಅಂತ ನೋಡಿ. ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದರೆ ಆಯಿತು. ಮೊದಲನೆಯದು 0.81 ಲಕ್ಸ್, ಎರಡನೆಯದು 2.25 ಲಕ್ಸ್. ದೂರ ನೋಡಬೇಕು ಅಂತ ನೀವೇ ಹೇಳಿದ್ದೀರಿ. ನಾನಾದರೆ ಎರಡನೆಯದನ್ನೇ ಕೊಳ್ಳುತ್ತೇನೆ.

ಮಿಂಚುಹುಳ
ಲೆಕ್ಕ ಸರಿ, ಆದರೆ ತೀರ್ಮಾನ ಒಪ್ಪುವುದಿಲ್ಲ. ಅವರು "ಮುಖ್ಯ ಬಳಕೆ ನಡೆಯುವುದು" ಎಂದಿದ್ದಾರೆ. ನಡೆಯುವಾಗ ಕಣ್ಣು ಇರುವುದು ಮೂರು ಮೀಟರ್‌ನಿಂದ ಹದಿನೈದು ಮೀಟರ್‌ವರೆಗಿನ ನೆಲದ ಮೇಲೆ. ಅದೇ ಸೂತ್ರ ಅಲ್ಲಿಗೆ ಹಾಕಿ ನೋಡಿ. ಮೂರು ಮೀಟರ್‌ನಲ್ಲಿ 22,500 ಕ್ಯಾಂಡೆಲಾ ಅಂದರೆ 2500 ಲಕ್ಸ್! ಅದೂ ಒಂದು ಪುಟ್ಟ ವೃತ್ತದಲ್ಲಿ. ಕಣ್ಣು ಆ ವೃತ್ತಕ್ಕೆ ಹೊಂದಿಕೊಂಡುಬಿಡುತ್ತದೆ, ಅದರ ಪಕ್ಕದ್ದೆಲ್ಲ ಕಪ್ಪಾಗಿ ಕಾಣುತ್ತದೆ. ದಾರಿಯ ಅಂಚಿನಲ್ಲಿ ಗುಂಡಿ ಇದ್ದರೆ, ಹಾವು ಇದ್ದರೆ, ಗೊತ್ತೇ ಆಗುವುದಿಲ್ಲ.

ಅಗಲವಾದ ಬೆಳಕು ಕೊಡುವ ಭರವಸೆಯೇ ಬೇರೆ. ಹಾಟ್‌ಸ್ಪಾಟ್ (ನಡುವಿನ ಪ್ರಖರ ವೃತ್ತ) ಮತ್ತು ಸ್ಪಿಲ್ (ಅದರ ಸುತ್ತಲಿನ ಮಂದ ಬೆಳಕು) ನಡುವೆ ಗೆರೆ ಎಳೆದಂತೆ ಇರಬಾರದು, ಬೆಳಕು ನಿಧಾನಕ್ಕೆ ಕರಗಬೇಕು. ನಯವಾದ ರಿಫ್ಲೆಕ್ಟರ್‌ಗಿಂತ ಕಿತ್ತಳೆ ಸಿಪ್ಪೆಯಂತೆ ತರಿತರಿ ಇರುವ ರಿಫ್ಲೆಕ್ಟರ್ ಇದಕ್ಕೆ ಒಳ್ಳೆಯದು.

ಲಕ್ಸ್‌ಲೆಕ್ಕ
ಹತ್ತಿರಕ್ಕೆ ಜಾಸ್ತಿ ಆದರೆ ಮೋಡ್ ಇಳಿಸಿ. ದೂರಕ್ಕೆ ಬೇಕಾದಾಗ ಏರಿಸಿ. ಫ್ಲಡ್ ಟಾರ್ಚನ್ನು, ಅಂದರೆ ಅಗಲಕ್ಕೆ ಚೆಲ್ಲುವ ಆ ಮೊದಲನೆಯದನ್ನು, ಎಷ್ಟೇ ಏರಿಸಿದರೂ 200 ಮೀಟರ್ ಆಚೆಗೆ ಏನೂ ಕಾಣುವುದಿಲ್ಲ. ದೂರ ಎರಡರಷ್ಟು ಬೇಕಾದರೆ ಕ್ಯಾಂಡೆಲಾ ನಾಲ್ಕರಷ್ಟು ಬೇಕು. ಸಣ್ಣ ತಲೆಯ ಟಾರ್ಚ್‌ನಲ್ಲಿ ಅದು ಸುಮ್ನೆ ಬರುವುದಿಲ್ಲ. ರಿಫ್ಲೆಕ್ಟರ್ ಬಾಯಿ ಅಗಲವಾಗಬೇಕು, ಇಲ್ಲವೇ ಎಲ್‌ಇಡಿ ಚಿಪ್ ಚಿಕ್ಕದಾಗಿ ಪ್ರಖರವಾಗಬೇಕು. ಒಸ್ರಾಮ್‌ನ ಚಪ್ಪಟೆ ಚಿಪ್‌ಗಳನ್ನು ಥ್ರೋ (ದೂರ ಹೋಗುವ ಕಿರಣ) ಇಷ್ಟಪಡುವವರು ಮೆಚ್ಚುವುದು ಇದಕ್ಕೇ. ಚಿಪ್ ಮೇಲೆ ಗುಮ್ಮಟದಂಥ ಲೆನ್ಸ್ ಇಲ್ಲ, ಹೊಳೆಯುವ ಜಾಗ ತೀರಾ ಚಿಕ್ಕದು.

ಮಿಂಚುಹುಳ
ಮೋಡ್ ಇಳಿಸಿದರೆ ವೃತ್ತದ ಜೊತೆ ಸ್ಪಿಲ್ ಕೂಡ ಅಷ್ಟೇ ಇಳಿಯುತ್ತದೆಯಲ್ಲ! ಎರಡರ ಅನುಪಾತ ಬದಲಾಗುವುದಿಲ್ಲ. ಕಿರಣದ ಆಕಾರ ಸ್ವಿಚ್‌ನಿಂದ ಬದಲಾಗುವಂಥದ್ದಲ್ಲ. ನನ್ನ ತಕರಾರೇ ಅದು.

ತಣ್ಣನೆಗಾಳಿ
ಇಬ್ಬರೂ ಆ 2000 ಲೂಮೆನ್ ಅನ್ನು ಹಾಗೇ ನಂಬಿಕೊಂಡು ವಾದ ಮಾಡುತ್ತಿದ್ದೀರಿ. ಮೊದಲು ಸೆಲ್ ನೋಡಿ. ಒಳ್ಳೆಯ 18650 ಅಂದರೆ 3500 ಎಂಎಎಚ್, 3.6 ವೋಲ್ಟ್. ಗುಣಿಸಿದರೆ 12.6 ವ್ಯಾಟ್-ಗಂಟೆ. ಡ್ರೈವರ್‌ನಲ್ಲಿ (ಕರೆಂಟ್ ನಿಯಂತ್ರಿಸುವ ಸರ್ಕ್ಯೂಟ್) ಕಳೆದದ್ದು ಬಿಟ್ಟು ಒಂದು ವ್ಯಾಟ್‌ಗೆ 100 ಲೂಮೆನ್ ಸಿಗುತ್ತದೆ ಅಂದುಕೊಳ್ಳಿ, ಅದು ಉದಾರ ಲೆಕ್ಕವೇ. ಇಡೀ ಸೆಲ್‌ನಲ್ಲಿ ಇರುವುದು 1260 ಲೂಮೆನ್-ಗಂಟೆ. 2000 ಲೂಮೆನ್ ಮೂರು ಗಂಟೆ ಉರಿಯಬೇಕಾದರೆ 6000 ಬೇಕು. ಎಲ್ಲಿಂದ ಬರುತ್ತದೆ? 1260ನ್ನು ಮೂರು ಗಂಟೆಗೆ ಹಂಚಿದರೆ ಸರಾಸರಿ 420 ಲೂಮೆನ್. ನಿಮ್ಮ ಕೈಯಲ್ಲಿ ನಿಜವಾಗಿ ಇರುವ ಟಾರ್ಚ್ ಅದು.

ದಾರಿಹೋಕ
ಹಾಗಾದರೆ ಪೆಟ್ಟಿಗೆ ಮೇಲೆ ಬರೆದದ್ದು ಸುಳ್ಳಾ?

ತಣ್ಣನೆಗಾಳಿ
ಸುಳ್ಳಲ್ಲ, ನಿಯಮವೇ ಹಾಗಿದೆ. ಎಫ್‌ಎಲ್ 1 ಪ್ರಕಾರ ಲೂಮೆನ್ ಅಳೆಯುವುದು ಟಾರ್ಚ್ ಹಚ್ಚಿದ 30 ಸೆಕೆಂಡ್‌ನಿಂದ 2 ನಿಮಿಷದೊಳಗೆ. ಉರಿಯುವ ಸಮಯದ ಲೆಕ್ಕವೂ 30ನೇ ಸೆಕೆಂಡ್‌ನಿಂದ ಶುರು, ಬೆಳಕು ಶೇ. 10ಕ್ಕೆ ಇಳಿಯುವವರೆಗೆ. ಅಂದರೆ 2000 ಲೂಮೆನ್ ಟಾರ್ಚ್ 200ಕ್ಕೆ ಬರುವವರೆಗೂ "ಟರ್ಬೊದಲ್ಲಿ ಉರಿಯುತ್ತಿದೆ" ಎಂದೇ ಲೆಕ್ಕ. ಮಧ್ಯದಲ್ಲಿ ಏನಾಯಿತು ಎಂದು ಆ ಒಂದು ಸಂಖ್ಯೆ ಹೇಳುವುದಿಲ್ಲ.

ಮಧ್ಯದಲ್ಲಿ ಆಗುವುದು ಬಿಸಿ. 2000 ಲೂಮೆನ್‌ಗೆ ಸುಮಾರು 20 ವ್ಯಾಟ್ ಬೇಕು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗುತ್ತದೆ. ಬೆರಳುದ್ದದ ಅಲ್ಯೂಮಿನಿಯಂ ಕೊಳವೆ ಅಷ್ಟು ಶಾಖವನ್ನು ಎಲ್ಲಿಗೆ ಬಿಡಬೇಕು? ಡ್ರೈವರ್ ತಾನೇ ಕರೆಂಟ್ ಇಳಿಸುತ್ತದೆ. ಇಳಿಸಲೇಬೇಕು, ಇಲ್ಲದಿದ್ದರೆ ಕೈ ಸುಡುತ್ತದೆ. ಎರಡನೇ ಟಾರ್ಚಿಗೂ ಇದೇ ಕಥೆ, ಅಲ್ಲಿ ಇಳಿತ ಕಡಿಮೆ ಅಷ್ಟೇ. ಆದರೆ ಸಣ್ಣ ಚಿಪ್‌ಗೆ ಅಷ್ಟು ಕರೆಂಟ್ ನುಗ್ಗಿಸಿದಾಗ ವ್ಯಾಟ್‌ಗೆ ಸಿಗುವ ಲೂಮೆನ್ ಕಡಿಮೆಯಾಗುತ್ತದೆ. 600 ಲೂಮೆನ್‌ಗೆ ಒಂದೂವರೆ ಗಂಟೆ ಮಾತ್ರ ಎಂದಿರುವುದು ಅದಕ್ಕೇ.

ತಯಾರಕರು ಸಮಯ ಮತ್ತು ಬೆಳಕಿನ ಗ್ರಾಫ್ ಕೊಟ್ಟಿದ್ದಾರಾ ನೋಡಿ. ಐದನೇ ನಿಮಿಷದಲ್ಲಿ ಗೆರೆ ಎಲ್ಲಿದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಗೆರೆ ಸಮತಟ್ಟಾಗಿದ್ದರೆ ಡ್ರೈವರ್ ಚೆನ್ನಾಗಿದೆ ಎಂದರ್ಥ. ಸೆಲ್ 4.2 ವೋಲ್ಟ್‌ನಿಂದ 3ರತ್ತ ಇಳಿದಂತೆ ಬೆಳಕೂ ಜಾರುತ್ತಾ ಹೋದರೆ ಅದು ಅಗ್ಗದ ಡ್ರೈವರ್.

ಲಕ್ಸ್‌ಲೆಕ್ಕ
ಇದು ನನ್ನ ವಾದಕ್ಕೇ ಬಲ ಕೊಡುತ್ತದೆ. ಐದು ನಿಮಿಷ ಆದ ಮೇಲೆ ಮೊದಲನೆಯದು 600 ಲೂಮೆನ್‌ಗೆ ಬಂತು ಎಂದುಕೊಳ್ಳಿ. ಕ್ಯಾಂಡೆಲಾ ಕೂಡ ಅದೇ ಪ್ರಮಾಣದಲ್ಲಿ ಇಳಿದು 2430 ಆಗುತ್ತದೆ. 180 ಮೀಟರ್ ಹೋಗಿ 100 ಮೀಟರ್ ಹತ್ತಿರಕ್ಕೆ ಬಂತು.

ಮಿಂಚುಹುಳ
ನಡೆಯಲು 100 ಮೀಟರ್ ಯಾಕೆ ಸಾಲದು? 600 ಲೂಮೆನ್ ಅಗಲವಾಗಿ ಬಿದ್ದರೆ ದಾರಿ ಪೂರ್ತಿ ಬೆಳಗುತ್ತದೆ. ನಿಜ ಹೇಳಬೇಕೆಂದರೆ ನಡಿಗೆಗೆ 150 ಲೂಮೆನ್ ಧಾರಾಳ. ಕಣ್ಣಿಗೆ ಎರಡರಷ್ಟು ಬೆಳಕು ಅನ್ನಿಸಬೇಕಾದರೆ ಸುಮಾರು ನಾಲ್ಕರಷ್ಟು ಲೂಮೆನ್ ಬೇಕಾಗುತ್ತದೆ. 150ಕ್ಕೂ 600ಕ್ಕೂ ಪೆಟ್ಟಿಗೆ ಮೇಲೆ ಕಾಣುವಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಸೆಲ್ ಮಾತ್ರ ನಾಲ್ಕರಷ್ಟು ಹೊತ್ತು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬರುತ್ತದೆ.

ಬಣ್ಣಗಣ್ಣು
ಬಣ್ಣದ ಬಗ್ಗೆ ಯಾರೂ ಮಾತೇ ಎತ್ತಿಲ್ಲ, ನನಗೆ ಬೇಸರವಾಯಿತು. ಈ ಎರಡರ ಬಣ್ಣ ಎಷ್ಟು ಕೆಲ್ವಿನ್ (ಸಂಖ್ಯೆ ಹೆಚ್ಚಾದಷ್ಟೂ ಬೆಳಕು ನೀಲಿಯತ್ತ)? ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ, 100ಕ್ಕೆ ಕೊಡುವ ಅಂಕ) ಎಷ್ಟು? 6500 ಕೆಲ್ವಿನ್, ಸಿಆರ್‌ಐ 70 ಆದರೆ ಒಣ ಎಲೆ, ಮಣ್ಣು, ಕಂದು ಬಣ್ಣದ ಪ್ರಾಣಿ ಎಲ್ಲವೂ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ನಿಚಿಯಾ 519ಎ ತರಹದ, ಸಿಆರ್‌ಐ 90 ದಾಟಿದ ಎಲ್‌ಇಡಿಯನ್ನು 4500 ಕೆಲ್ವಿನ್‌ನಲ್ಲಿ ಒಮ್ಮೆ ಹಚ್ಚಿ ನೋಡಿ. ನೆಲದ ಮೇಲೆ ಏನು ಬಿದ್ದಿದೆ ಅಂತ ತಕ್ಷಣ ಬೇರ್ಪಡಿಸಿ ಕಾಣುತ್ತದೆ. ನನ್ನ ಮಟ್ಟಿಗೆ ಇದು ಲೂಮೆನ್‌ಗಿಂತ ದೊಡ್ಡ ವಿಷಯ.

ಲಕ್ಸ್‌ಲೆಕ್ಕ
ಅದಕ್ಕೆ ಲೂಮೆನ್ ಬಲಿ ಕೊಡಬೇಕು. ಅದೇ ಕರೆಂಟ್‌ನಲ್ಲಿ ಸಿಆರ್‌ಐ 90ರ ಎಲ್‌ಇಡಿ ಯಾವಾಗಲೂ ಕಡಿಮೆ ಬೆಳಕು ಕೊಡುತ್ತದೆ. 200 ಮೀಟರ್ ದೂರದಲ್ಲಿ ಒಂದು ಲಕ್ಸ್‌ಗಿಂತ ಕಡಿಮೆ ಬೆಳಕಿದ್ದಾಗ ಕಣ್ಣಿಗೆ ಬಣ್ಣ ಸರಿಯಾಗಿ ಕಾಣುವುದೂ ಇಲ್ಲ.

ಬಣ್ಣಗಣ್ಣು
200 ಮೀಟರ್‌ಗೆ ನಿಮ್ಮ ಮಾತು ಒಪ್ಪುತ್ತೇನೆ. ಹತ್ತು ಮೀಟರ್‌ಗೆ ಒಪ್ಪುವುದಿಲ್ಲ. ಮಿಂಚುಹುಳ ಈಗಷ್ಟೇ ಹೇಳಿದ್ದನ್ನು ನೋಡಿ: ಕಣ್ಣಿಗೆ ಲೂಮೆನ್‌ನ ಸಣ್ಣ ಇಳಿತ ಗೊತ್ತಾಗುವುದಿಲ್ಲ. ಐದರಲ್ಲಿ ಒಂದು ಪಾಲು ಲೂಮೆನ್ ಹೋದರೂ ಗಮನಕ್ಕೆ ಬರುವುದು ಕಷ್ಟ. ಬಣ್ಣ ಸತ್ತರೆ ಮಾತ್ರ ಕೂಡಲೇ ಗೊತ್ತಾಗುತ್ತದೆ.

ದಾರಿಹೋಕ
ಎರಡೂ 6500 ಕೆಲ್ವಿನ್. ಮೊದಲನೆಯದು 5000 ಕೆಲ್ವಿನ್, ಸಿಆರ್‌ಐ 90ರಲ್ಲೂ ಸಿಗುತ್ತದೆ, ಅದರಲ್ಲಿ 1500 ಲೂಮೆನ್ ಎಂದಿದೆ. ಇನ್ನೊಂದು ಕೇಳಬೇಕಿತ್ತು. ಮನೆಯಲ್ಲೇ ಹೋಲಿಸಿ ನೋಡಲು ಆಗುತ್ತದಾ?

ಲಕ್ಸ್‌ಲೆಕ್ಕ
ಆಗುತ್ತದೆ. ಫೋನಿನ ಲಕ್ಸ್ ಆ್ಯಪ್ ಸಾಕು. ಅದರ ಸಂಖ್ಯೆ ನಿಖರ ಅಲ್ಲ, ಆದರೆ ಒಂದೇ ಫೋನಿನಲ್ಲಿ ಎರಡನ್ನೂ ಅಳೆದರೆ ಹೋಲಿಕೆ ಸರಿಯಾಗಿರುತ್ತದೆ. ಕತ್ತಲೆ ಕೋಣೆಯಲ್ಲಿ ಐದು ಮೀಟರ್ ದೂರದಿಂದ ಹಾಟ್‌ಸ್ಪಾಟ್‌ನ ನಡುಭಾಗ ಸೆನ್ಸರ್ ಮೇಲೆ ಬೀಳುವಂತೆ ಹಿಡಿಯಿರಿ. ಬಂದ ಲಕ್ಸ್ ಅನ್ನು 25ರಿಂದ ಗುಣಿಸಿದರೆ ಕ್ಯಾಂಡೆಲಾ. ಒಂದು ಮೀಟರ್‌ನಲ್ಲಿ ಅಳೆಯಬೇಡಿ. ಥ್ರೋ ಟಾರ್ಚಿನ ಕಿರಣ ಅಷ್ಟು ಹತ್ತಿರದಲ್ಲಿ ಇನ್ನೂ ಕೂಡಿಕೊಂಡಿರುವುದಿಲ್ಲ, ಲೆಕ್ಕ ತಪ್ಪುತ್ತದೆ.

ತಣ್ಣನೆಗಾಳಿ
ಒಟ್ಟು ಬೆಳಕಿಗೆ ಟಾರ್ಚನ್ನು ಚಾವಣಿಯ ಕಡೆ ತಿರುಗಿಸಿ ನಿಲ್ಲಿಸಿ, ಫೋನನ್ನು ನೇರ ಬೆಳಕು ಬೀಳದ ಕಡೆ ಇಡಿ. ಟರ್ಬೊ ಹಚ್ಚಿ ನಿಮಿಷಕ್ಕೊಮ್ಮೆ ಸಂಖ್ಯೆ ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ ಆ ಟಾರ್ಚಿನ ನಿಜವಾದ ಗ್ರಾಫ್ ನಿಮ್ಮ ಕೈಯಲ್ಲೇ ಇರುತ್ತದೆ. ಕೈಯಲ್ಲಿ ಹಿಡಿದಾಗ ಫಲಿತಾಂಶ ಸ್ವಲ್ಪ ಉತ್ತಮವಾಗಿರುತ್ತದೆ, ಅಂಗೈ ಶಾಖ ಎಳೆದುಕೊಳ್ಳುತ್ತದೆ.

ಸೆಲ್ ವಿಷಯದಲ್ಲಿ ಹುಷಾರಾಗಿರಿ. 18650 ಮೇಲೆ 9900 ಎಂಎಎಚ್ ಅಂತ ಮುದ್ರಿಸಿದ್ದರೆ ಮುಟ್ಟಲೇಬೇಡಿ. ಆ ಗಾತ್ರದಲ್ಲಿ ಅಷ್ಟು ಹಿಡಿಯುವುದಿಲ್ಲ.

ಮಿಂಚುಹುಳ
ದಾರಿಹೋಕ, ಹಾಗಾದರೆ ಮೊದಲನೆಯದರ 5000 ಕೆಲ್ವಿನ್ ಆವೃತ್ತಿ ತೆಗೆದುಕೊಳ್ಳಿ. ಸೊಂಟದ ಎತ್ತರದಲ್ಲಿ ಹಿಡಿದು ನಡೆಯಿರಿ. ಕಣ್ಣಿನ ಹತ್ತಿರ ಹಿಡಿದರೆ ನೆರಳು ಕಾಣುವುದಿಲ್ಲ, ಕಲ್ಲು ಗುಂಡಿ ಎಲ್ಲ ಚಪ್ಪಟೆಯಾಗಿಬಿಡುತ್ತವೆ. ಮಂಜಿದ್ದರಂತೂ ಬೆಳಕು ವಾಪಸ್ ಮುಖಕ್ಕೇ ಬರುತ್ತದೆ.

ಲಕ್ಸ್‌ಲೆಕ್ಕ
ಮಂಜಿನಲ್ಲಿ ಅಗಲ ಕಿರಣದ್ದೇ ಜಾಸ್ತಿ ತೊಂದರೆ. ಕಿರಿದಾದ ಕಿರಣವನ್ನು ಕಣ್ಣಿನಿಂದ ದೂರ ಹಿಡಿದರೆ ಅದರ ಪಕ್ಕದಿಂದ ನೋಡಬಹುದು. ದೂರ ನೋಡುವ ಅಗತ್ಯ "ಆಗಾಗ" ಅಂದರೆ ಎಷ್ಟು ದೂರ ಅಂತ ಅವರು ಇನ್ನೂ ಹೇಳಿಲ್ಲ. ಅದು ಗೊತ್ತಾಗದೆ ನಾನು ಎರಡನೆಯದನ್ನು ಬಿಡುವುದಿಲ್ಲ.

ದಾರಿಹೋಕ
ಐವತ್ತು ಅರವತ್ತು ಮೀಟರ್. ಅದಕ್ಕಿಂತ ದೂರ ಬೇಕಾಗುವುದಿಲ್ಲ.

ಲಕ್ಸ್‌ಲೆಕ್ಕ
1500 ಲೂಮೆನ್‌ನ ಆವೃತ್ತಿಗೆ ಕ್ಯಾಂಡೆಲಾ ಅದೇ ಪ್ರಮಾಣದಲ್ಲಿ 6000 ಅಂದುಕೊಂಡರೆ, 60 ಮೀಟರ್‌ನಲ್ಲಿ 1.6 ಲಕ್ಸ್ ಮೇಲೆ ಬೀಳುತ್ತದೆ. ಅದು ಟರ್ಬೊ ಇಳಿಯುವ ಮೊದಲಿನ ಮಾತು. ದೂರ ನೋಡುವುದು ಕೆಲವು ಸೆಕೆಂಡ್‌ಗಳ ಕೆಲಸ, ಅಷ್ಟು ಹೊತ್ತು ಟರ್ಬೊ ನಿಲ್ಲುತ್ತದೆ. ಈ ದೂರಕ್ಕೆ ಮೊದಲನೆಯದು ಸಾಕು. ನಡೆಯುವಾಗ ಕೆಳಗಿನ ಮೋಡ್‌ನಲ್ಲೇ ಇಟ್ಟುಕೊಳ್ಳಿ, ಟರ್ಬೊಗೆ ಬೇಕಾದಾಗ ಟಾರ್ಚ್ ತಣ್ಣಗಿರುತ್ತದೆ.