ಸಹಾಯ ಬೇಕು: ದಾಳಿಂಬೆ ಸಿಪ್ಪೆಯ ಸಾರದ ತಳದಲ್ಲಿ ಪುಡಿ ಕೂರುತ್ತಿದೆ

ಎಲ್ಲರಿಗೂ ನಮಸ್ಕಾರ. ದಾಳಿಂಬೆ ಸಿಪ್ಪೆಯಿಂದ ಆಂಟಿಆಕ್ಸಿಡೆಂಟ್ ಸಾರ ತೆಗೆಯುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ, ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ಸಿಪ್ಪೆಯನ್ನು 40 ಡಿಗ್ರಿಯಲ್ಲಿ ಒಣಗಿಸಿ ಪುಡಿ ಮಾಡಿದೆ. 10 ಗ್ರಾಂ ಪುಡಿಗೆ 200 ಮಿಲಿ ದ್ರಾವಕ. ಅದರಲ್ಲಿ ಶೇ 60 ಎಥನಾಲ್, ಉಳಿದದ್ದು ನೀರು. ಬರೀ ಎಥನಾಲ್ ಹಾಕಿದಾಗ ಸಾರ ಕಡಿಮೆ ಬಂದಿತ್ತು. ಪಾಲಿಫಿನಾಲ್ (ಸಿಪ್ಪೆಯ ಆಂಟಿಆಕ್ಸಿಡೆಂಟ್ ಅಂಶ) ಬಿಡಿಸಿಕೊಳ್ಳಲು ಸ್ವಲ್ಪ ನೀರು ಬೇಕೇ ಬೇಕು ಅಲ್ವಾ. ಆಮೇಲೆ ಸೋಸಿ, ದ್ರಾವಕವನ್ನು ಆವಿ ಮಾಡಿ ತೆಗೆಯುವ ರೋಟರಿ ಇವ್ಯಾಪರೇಟರ್‌ನಲ್ಲಿ 60 ಡಿಗ್ರಿಯಲ್ಲಿ ಎಥನಾಲ್ ತೆಗೆದೆ.

ತೊಂದರೆ ಇಲ್ಲಿಂದ ಶುರು. ಎರಡು ದಿನ ಫ್ರಿಜ್‌ನಲ್ಲಿಟ್ಟ ಮೇಲೆ ತಳದಲ್ಲಿ ತಿಳಿ ಹಳದಿ ಪುಡಿ ಕೂತಿದೆ. ಸಿಪ್ಪೆಯಲ್ಲಿರುವ ಪ್ಯುನಿಕಾಲಾಜಿನ್ ಎಂಬ ಪಾಲಿಫಿನಾಲ್ ಒಡೆದು ಎಲಾಜಿಕ್ ಆಮ್ಲ ಆಗಿರಬೇಕು ಅನ್ನುವುದು ನನ್ನ ಊಹೆ. ಅದು ನೀರಲ್ಲಿ ಕರಗುವುದು ತೀರಾ ಕಡಿಮೆ. ಅಥವಾ ಎಥನಾಲ್ ಹೋದ ಮೇಲೆ ಸಾರದಲ್ಲಿ ಮೊದಲೇ ಇದ್ದ ಎಲಾಜಿಕ್ ಆಮ್ಲವೇ ಹೊರಬಿತ್ತೋ? ಎಚ್‌ಪಿಎಲ್‌ಸಿ ನನಗೆ (ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸಿಗುವುದಿಲ್ಲ, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಮಾತ್ರ ಇದೆ.

ಪುಡಿಯನ್ನು ಸೋಸಿ ತಿಳಿಯನ್ನಷ್ಟೇ ಅಳೆಯಬೇಕಾ, ಇಲ್ಲಾ ಮತ್ತೆ ಎಥನಾಲ್ ಸೇರಿಸಿ ಕರಗಿಸಿ ಒಟ್ಟಿಗೆ ಅಳೆಯಬೇಕಾ? ಸೋಸಿದರೆ ಒಳ್ಳೆಯ ಅಂಶವನ್ನೇ ಸುಮ್ನೆ ಎಸೆದ ಹಾಗಾಗುತ್ತದೆ ಎಂಬ ಚಿಂತೆ. ಹಾಗೇ ಬಿಟ್ಟರೆ ಡಿಪಿಪಿಎಚ್ ಪರೀಕ್ಷೆಯಲ್ಲಿ (ಬಣ್ಣ ಎಷ್ಟು ಕಡಿಮೆಯಾಯಿತು ಎಂದು ನೋಡಿ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವುದು) ದ್ರಾವಣ ಮಬ್ಬಾಗಿ 517 ನ್ಯಾನೋಮೀಟರ್‌ನ ಓದು ತಪ್ಪುತ್ತದೆ. ಒಟ್ಟು ಪಾಲಿಫಿನಾಲ್ ಅಳೆಯುವ ಫೋಲಿನ್ ಪರೀಕ್ಷೆಯೊಂದನ್ನೇ ನಂಬಲು ಮನಸ್ಸಿಲ್ಲ, ವಿಟಮಿನ್ ಸಿ ಇದ್ದರೂ ಅದು ಬಣ್ಣ ಕೊಡುತ್ತದೆ.

ಇವ್ಯಾಪರೇಟರ್‌ನ ಬಿಸಿ 40ಕ್ಕೆ ಇಳಿಸಿದರೆ ಪುಡಿ ಕಡಿಮೆಯಾಗುತ್ತದಾ? ಮಾಡಿ ನೋಡಿದವರಿದ್ದರೆ ಹೇಳಿ. ಇನ್ನು ಒಂದೇ ಬ್ಯಾಚಿಗೆ ಸಾಕಾಗುವಷ್ಟು ಸಿಪ್ಪೆ ಉಳಿದಿದೆ.